ಪಾತ್ರವಾದವರ ಪಾಲು

ಐರೋಲಿಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಕನ್ನಡದವರು ತಿಂಗಳಿಗೊಂದು ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಸಂಘ ಎನ್ನುವಷ್ಟು ದೊಡ್ಡದಲ್ಲ. ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ವಂದನಾರ್ಪಣೆಯಂತೂ ಇಲ್ಲವೇ ಇಲ್ಲ. ಒಂದು ಪುಸ್ತಕ ಓದಿಕೊಂಡು ಬರುವುದು, ಅದರ ಬಗ್ಗೆ ಮಾತಾಡುವುದು, ಮಾತು ಊರಿನ ಕಡೆ ಹರಿದು ಹೋದಾಗ ಯಾರಾದರೂ ಅದನ್ನು ಎಳೆದು ತಂದು ಮತ್ತೆ ಪುಸ್ತಕಕ್ಕೆ ಕಟ್ಟುವುದು, ಇಷ್ಟೇ ಕಾರ್ಯಕ್ರಮ. ನಮ್ಮಲ್ಲೊಬ್ಬರು ಉಡುಪಿ ಕಡೆಯವರು, ನಲವತ್ತು ವರ್ಷ ಹೋಟೆಲ್ ನಡೆಸಿ ಈಗ ಮಗನಿಗೆ ಗಲ್ಲಾಪೆಟ್ಟಿಗೆ ಬಿಟ್ಟುಕೊಟ್ಟವರು. ಇನ್ನೊಬ್ಬರು ಟೀಚರಮ್ಮ, ಮುಂಬೈ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಎಲ್ಲರಿಗಿಂತ ಚಿಕ್ಕವಳು ಧಾರವಾಡದ ಹುಡುಗಿ, ಇಲ್ಲಿಯ ಐಟಿ ಪಾರ್ಕಿನಲ್ಲಿ ಕೆಲಸ. ನಾನು ಕುಮಟೆ ಕಡೆಯವ. 1986ರಲ್ಲಿ ಮುಂಬೈಗೆ ಬಂದು, ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದು, ಈಗ ಮನೆಯಲ್ಲಿ ಕೂತವ.

2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡ ಮೇಲೆ ಅಕ್ಟೋಬರಿಗೆ ‘ಗೃಹಭಂಗ’, ನವೆಂಬರಿಗೆ ‘ಭಿತ್ತಿ’ ಓದುವುದೆಂದು ಮಾತಾಯಿತು. ‘ಗೃಹಭಂಗ’ 1970ರ ಕಾದಂಬರಿ. ‘ಭಿತ್ತಿ’ 1996ರಲ್ಲಿ ಬಂದ ಅವರ ಆತ್ಮಕಥೆ. ಎರಡರಲ್ಲೂ ಅದೇ ತಿಪಟೂರು-ಚನ್ನರಾಯಪಟ್ಟಣ ಸೀಮೆಯ ನೆಲ, ಅದೇ ಬಡತನ, ಅದೇ ಪ್ಲೇಗು, ಮಕ್ಕಳನ್ನು ಸಾಕಲು ಒದ್ದಾಡುವ ಒಬ್ಬ ತಾಯಿ. ಒಂದರಲ್ಲಿ ಆಕೆ ನಂಜಮ್ಮ, ಇನ್ನೊಂದರಲ್ಲಿ ಲೇಖಕರ ಸ್ವಂತ ಅಮ್ಮ.

ಅಕ್ಟೋಬರಿನ ಆ ಸಂಜೆ ಧಾರವಾಡದ ಹುಡುಗಿ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಮೂಲ.

“ಸರ, ನಂಜಮ್ಮ ಯಾಕ್ರಿ ಇಷ್ಟ್ ಹತ್ರ ಆಗ್ತಾಳ? ನಾ ಎಂದೂ ಪತ್ರಾವಳಿ ಹಚ್ಚಿಲ್ಲ, ಶಾನಭೋಗಿಕಿ ಲೆಕ್ಕ ಬರದಿಲ್ಲ, ಪ್ಲೇಗ್ ನೋಡಿಲ್ಲ. ನನಗೂ ಆಕಿಗೂ ಏನ್ ಸಂಬಂಧ? ಹಿಂಗಿದ್ದೂ ಆಕಿ ಸತ್ತ ಪುಟ ಓದಿದ ಮರುದಿನ ನಾ ಆಫೀಸಿಗೆ ಹೋಗ್ಲಿಲ್ಲ.”

ಹೋಟೆಲಿನವರು ತಡಮಾಡದೆ ಉತ್ತರ ಕೊಟ್ಟರು. “ನಮ್ಮ ಅಮ್ಮನ ಹಾಗೇ ಕಾಣ್ತಾಳೆ ಮಾರಾಯ್ರೆ, ಅದಕ್ಕೇ. ಎಲ್ಲರ ಮನೆಯಲ್ಲೂ ಒಬ್ಬಳು ನಂಜಮ್ಮ ಇರ್ತಾಳೆ.”

ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ಇದೇ. ಪಾತ್ರ ನಮ್ಮ ಹಾಗೆ ಅಥವಾ ನಮ್ಮವರ ಹಾಗೆ ಇದ್ದರೆ ನಮಗೆ ಹತ್ತಿರವಾಗುತ್ತದೆ. ನನಗೂ ಬಹಳ ವರ್ಷ ಹಾಗೇ ಅನಿಸಿತ್ತು. ಅದಕ್ಕೆ ಕಾರಣ ಯಶವಂತ ಚಿತ್ತಾಲರ ‘ಶಿಕಾರಿ’. 1979ರಲ್ಲಿ ಬಂದ ಆ ಕಾದಂಬರಿಯನ್ನು ನಾನು ಓದಿದ್ದು ಮುಂಬೈಗೆ ಬಂದ ಮೂರನೇ ವರ್ಷ, ಒಂದೇ ಖೋಲಿಯಲ್ಲಿ ನಾಲ್ಕು ಮಂದಿ ಇದ್ದಾಗ. ಚಿತ್ತಾಲರು ಹನೇಹಳ್ಳಿಯವರು, ಅಂದರೆ ನಮ್ಮ ತಾಲೂಕಿನವರೇ. ಅವರ ನಾಗಪ್ಪನೂ ಆ ಕಡೆಯಿಂದಲೇ ಬಂದು ಮುಂಬೈಯ ಕಂಪನಿಯೊಂದರಲ್ಲಿ ಮೇಲೆ ಬಂದವ. ಒಂದು ದಿನ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ತನ್ನ ಮೇಲಿನ ಆರೋಪ ಏನೆಂದೇ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಎದುರು ಸಿಕ್ಕವರೆಲ್ಲ ಬೇಟೆಗಾರರಂತೆ ಕಾಣತೊಡಗುತ್ತಾರೆ. ಆಗ ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಮ್ಯಾನೇಜರು ನನ್ನ ಕಡೆ ನೋಡದೆ ದಾಟಿ ಹೋದ ದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಾಗಪ್ಪ ನಾನೇ ಎಂದುಕೊಂಡಿದ್ದೆ.

ಈಗ ಹಿಂದಿರುಗಿ ನೋಡಿದರೆ ಒಂದು ಅನುಮಾನ ಬರುತ್ತದೆ. ಅದು ನಾಗಪ್ಪನ ಮೇಲಿನ ಪ್ರೀತಿಯೋ, ನನ್ನ ಮೇಲಿನ ಪ್ರೀತಿಯೋ? ಕನ್ನಡಿಯ ಮುಂದೆ ನಿಂತು ಕಣ್ಣೀರು ಹಾಕಿದವನು ಬೇರೊಬ್ಬರಿಗಾಗಿ ಅತ್ತೆ ಎಂದು ಹೇಳಿಕೊಳ್ಳಲಿಕ್ಕಾಗುವುದಿಲ್ಲ.

ಟೀಚರಮ್ಮ ಆ ಸಂಜೆ ಕೊಟ್ಟ ಉದಾಹರಣೆ ಹೋಟೆಲಿನವರ ಉತ್ತರವನ್ನು ಅಲ್ಲಿಗೇ ನಿಲ್ಲಿಸಿತು. “ಹಾಗಾದರೆ ಕುವೆಂಪು ಅವರ ಹುಲಿಯ ಯಾರ ಹಾಗಿದ್ದಾನೆ ಹೇಳಿ” ಅಂದರು. 1967ರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ನಾಯಿಗುತ್ತಿಯೂ ಗೊತ್ತು, ಅವನ ನಾಯಿ ಹುಲಿಯನೂ ಗೊತ್ತು. ಆ ದೊಡ್ಡ ಕಾದಂಬರಿಯ ಹತ್ತಾರು ಮನುಷ್ಯರ ಹೆಸರು ಮರೆತವರೂ ತುಂಬಿದ ಹೊಳೆಯಲ್ಲಿ ಕಳೆದುಹೋದ ಆ ನಾಯಿಯನ್ನು ಮರೆತಿಲ್ಲ. ತನ್ನ ಶಾಲೆಯ ಮಕ್ಕಳಿಗೆ ಆ ಕಥೆ ಹೇಳಿದಾಗ ಕಾಮಾಟಿಪುರದ ಆಸುಪಾಸಿನಿಂದ ಬರುತ್ತಿದ್ದ, ಮಲೆನಾಡೆಂದರೆ ಏನೆಂದೇ ಕಾಣದ ಹುಡುಗರು ಬಾಯಿ ಕಟ್ಟಿ ಕೂತಿದ್ದರಂತೆ. ಹೋಲಿಕೆಯೇ ಕಾರಣವಾದರೆ ಇದು ಹೇಗೆ?

ನನಗೆ ಸಿದ್ಧಲಿಂಗಯ್ಯನವರ ‘ಊರು ಕೇರಿ’ ನೆನಪಾಯಿತು. ಅದರ ಮೊದಲ ಪುಟಗಳಲ್ಲೇ ಒಂದು ದೃಶ್ಯವಿದೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದೆ ಒಬ್ಬ ನೇಗಿಲು ಹಿಡಿದು ಹೊಲ ಉಳುತ್ತಿದ್ದಾನೆ. ನೋಡುತ್ತಿರುವವ ಹುಡುಗ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಸಿದ್ಧಲಿಂಗಯ್ಯನವರು ಇದನ್ನು ಹೇಳಿ ಮುಂದೆ ಹೋಗಿಬಿಡುತ್ತಾರೆ. ಅಳುವುದಿಲ್ಲ, ನಮ್ಮನ್ನು ಅಳಿಸುವುದೂ ಇಲ್ಲ. ಮುಂದೆ ಪುಸ್ತಕದ ತುಂಬ ನಗು ಇದೆ, ಅದರಲ್ಲೂ ತನ್ನನ್ನೇ ನೋಡಿ ನಗುವ ನಗು. ನಮ್ಮ ಮನೆಯಲ್ಲಿ ಎರಡು ಜೊತೆ ಎತ್ತು ಇದ್ದವು. ಆ ಅಪ್ಪ ನನ್ನ ಅಪ್ಪನ ಹಾಗಿಲ್ಲ. ನಿಜ ಹೇಳಬೇಕೆಂದರೆ ಆ ದೃಶ್ಯದಲ್ಲಿ ನನ್ನ ಮನೆಯವರಿಗೆ ಜಾಗ ಹುಡುಕಿದರೆ ಅವರು ಹೊಲದ ಬದುವಿನ ಮೇಲೆ, ಕೊಡೆ ಹಿಡಿದು ನಿಂತವರ ಸಾಲಿನಲ್ಲಿರುತ್ತಾರೆ. ಹಾಗಿದ್ದೂ ಆ ಅಪ್ಪ ನನ್ನನ್ನು ಬಿಡುವುದಿಲ್ಲ.

ಅಂದರೆ ಹೋಲಿಕೆ ಬಾಗಿಲು ತೆರೆಯಬಹುದು, ಒಳಗೆ ಕೂರಿಸುವುದು ಬೇರೇನೋ ಇರಬೇಕು. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿಯ ಕುರಿತು ಉಪನ್ಯಾಸ ಕೊಟ್ಟಾಗ ಪಾತ್ರಗಳನ್ನು ಚಪ್ಪಟೆ, ದುಂಡು ಎಂದು ಎರಡು ಬಗೆ ಮಾಡಿದರು. ಚಪ್ಪಟೆ ಪಾತ್ರವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು. ದುಂಡು ಪಾತ್ರ ನಮಗೆ ಅಚ್ಚರಿ ಹುಟ್ಟಿಸುತ್ತದೆ, ಆ ಅಚ್ಚರಿಯನ್ನು ನಾವು ನಂಬುತ್ತೇವೆ. ಇನ್ನೂ ಒಂದು ಮಾತನ್ನು ಅವರು ಹೇಳಿದ್ದರು: ನಿಜ ಜೀವನದಲ್ಲಿ ಒಬ್ಬರ ಒಳಗನ್ನು ಇನ್ನೊಬ್ಬರು ಪೂರ್ತಿ ನೋಡಲಾರರು, ಕಾದಂಬರಿಯಲ್ಲಿ ನೋಡಬಹುದು, ನಮ್ಮ ಸ್ನೇಹಿತರಿಗಿಂತ ಪಾತ್ರಗಳೇ ನಮಗೆ ಹೆಚ್ಚು ಗೊತ್ತಿರುವುದು ಅದಕ್ಕೇ ಎಂದು. ಹುಡುಗಿಯ ಪ್ರಶ್ನೆಗೆ ಇದು ಅರ್ಧ ಉತ್ತರ. ಗಂಡ ಚೆನ್ನಿಗರಾಯ ಉಂಡು ಮಲಗಿದ ಮೇಲೆ ಲೆಕ್ಕದ ಪುಸ್ತಕ ಬಿಡಿಸಿ ಕೂತ ನಂಜಮ್ಮನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತು. ನನ್ನ ಆಯಿ ಅಡಿಗೆ ಮನೆಯಲ್ಲಿ ಒಲೆ ಆರಿಸಿ ಕತ್ತಲಲ್ಲಿ ಒಬ್ಬಳೇ ಕೂರುತ್ತಿದ್ದಾಗ ಏನು ಯೋಚಿಸುತ್ತಿದ್ದಳೆಂದು ನನಗೆ ಗೊತ್ತಿಲ್ಲ.

ನವೆಂಬರಿನ ಸಭೆಯಲ್ಲಿ ವಾದ ಇನ್ನೊಂದು ಕಡೆ ತಿರುಗಿತು. ಕಾದಂಬರಿಯ ತಾಯಿ ಹೆಚ್ಚೋ, ಆತ್ಮಕಥೆಯ ತಾಯಿ ಹೆಚ್ಚೋ? ಟೀಚರಮ್ಮ ‘ಭಿತ್ತಿ’ಯ ಪರ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದಕ್ಕೆ ಇರುವ ತೂಕ ಕಟ್ಟಿದ ಕಥೆಗೆ ಬರುವುದಿಲ್ಲ ಎಂಬುದು ಅವರ ಮಾತು. ಹೋಟೆಲಿನವರು ‘ಗೃಹಭಂಗ’ದ ಪರ. ಗಿರೀಶ ಕಾಸರವಳ್ಳಿಯವರು ಅದನ್ನು ಟೀವಿ ಧಾರಾವಾಹಿ ಮಾಡಿದಾಗ ಅವರ ಮನೆಯಲ್ಲಿ ಆ ಅರ್ಧ ಗಂಟೆ ಯಾರೂ ಫೋನ್ ಎತ್ತುತ್ತಿರಲಿಲ್ಲವಂತೆ. ನಾನು ಆಗ ಒಂದು ಮಾತು ಹೇಳಿದೆ, ಹೇಳಿ ಬಹಳ ಜಾಣ ಮಾತು ಹೇಳಿದೆ ಎಂದುಕೊಂಡೆ. “ಆತ್ಮಕಥೆಯಲ್ಲಿ ಮೈಕು ಒಬ್ಬರ ಕೈಯಲ್ಲೇ ಇರುತ್ತದೆ. ಉಳಿದವರಿಗೆ ಮಾತಾಡುವ ಅವಕಾಶವಿಲ್ಲ.” ಎಲ್ಲರೂ ತಲೆಯಾಡಿಸಿದರು. ಆ ಮಾತು ಮುಂದಿನ ತಿಂಗಳು ನನ್ನ ಮನೆಗೇ ಬಂದು ಕೂರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಅಣ್ಣ ಬಂದ. ಠಾಣೆಯಲ್ಲಿ ಬಂಧುಗಳ ಮದುವೆ. ಮತ್ಸ್ಯಗಂಧದಲ್ಲಿ ಬಂದು ಠಾಣೆಯಲ್ಲಿ ಇಳಿದ, ಎಂಟು ದಿನ ನಮ್ಮಲ್ಲಿ ಉಳಿದ. ಅಣ್ಣನಿಗೆ ಎಪ್ಪತ್ತು. ಅಷ್ಟು ವರ್ಷಗಳಲ್ಲಿ ಅವನು ಐರೋಲಿಯ ನಮ್ಮ ಮನೆಗೆ ಬಂದದ್ದು ಅದು ಎರಡನೇ ಸಲ. ಬೆಳಿಗ್ಗೆ ಅವನನ್ನು ಖಾಡಿಯ ಕಡೆ ಕರೆದುಕೊಂಡು ಹೋಗಿ ರಾಜಹಂಸಗಳನ್ನು ತೋರಿಸಿದೆ. ದೂರದ ಕೆಸರಿನಲ್ಲಿ ಒಂಟಿ ಕಾಲಿನಲ್ಲಿ ನಿಂತ ಗುಲಾಬಿ ಸಾಲನ್ನು ಬಹಳ ಹೊತ್ತು ನೋಡಿ “ಅಡ್ಡಿಲ್ಲ” ಅಂದ. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆ ಭಾನುವಾರ ಸಭೆ ನಮ್ಮ ಮನೆಯಲ್ಲೇ ಇತ್ತು. ಅಣ್ಣ ಮೂಲೆಯ ಕುರ್ಚಿಯಲ್ಲಿ ಕೂತ. ಹೋಟೆಲಿನವರು ಬಂದವರೇ ಅವನ ಎರಡೂ ಕೈ ಹಿಡಿದು ಸಂತೋಷದಿಂದ ಹೇಳಿದರು: “ಓ, ತೆಂಗಿನಕಾಯಿ ಎಣಿಸಿದ ಅಣ್ಣ ಇವರೇನಾ! ನಿಮ್ಮನ್ನು ನೋಡಬೇಕಂತ ಎಷ್ಟು ವರ್ಷದಿಂದ ಇತ್ತು. ನಿಮ್ಮ ತಮ್ಮ ಬರೆದದ್ದರಲ್ಲಿ ನೀವೇ ನಮಗೆಲ್ಲ ಭಾರಿ ಇಷ್ಟ ಮಾರಾಯ್ರೆ.”

ಅಣ್ಣ ನನ್ನ ಮುಖ ನೋಡಿದ.

ಏನಾಗಿತ್ತೆಂದರೆ, 2009ರಲ್ಲಿ ಇಲ್ಲಿಯ ಒಂದು ಸ್ಮರಣ ಸಂಚಿಕೆಗೆ ನಾನು ಊರಿನ ನೆನಪಿನ ಲೇಖನ ಬರೆದಿದ್ದೆ. ನಮ್ಮ ಆಯಿ 2001ರ ಮಳೆಗಾಲದಲ್ಲಿ ತೀರಿಕೊಂಡದ್ದು, ನಾನು ಮೂರನೇ ದಿನ ತಲುಪಿದ್ದು, ಹನ್ನೆರಡನೆಯ ದಿನ ಹೊರಗೆ ಪಂಕ್ತಿ ಊಟ ನಡೆಯುತ್ತಿರುವಾಗ ಅಣ್ಣ ಹಿತ್ತಲಿನ ಮಾಡಿನ ಕೆಳಗೆ ಕೂತು ಎರಡೆರಡೇ ಕಾಯಿ ಎತ್ತಿ ಎಣಿಸುತ್ತಿದ್ದದ್ದು, ಅದನ್ನು ನಾನು ಕಿಟಕಿಯಿಂದ ಕಂಡದ್ದು. ಮುನ್ನೂರು ಕಾಯಿ ಎಂದು ಬರೆದಿದ್ದೆ. ಆಯಿಯ ಚಿತೆಯ ಬೂದಿ ಆರುವ ಮೊದಲೇ ಪಾಲಿನ ಲೆಕ್ಕ ಶುರುವಾಗಿತ್ತು ಎಂದು ಒಂದು ವಾಕ್ಯ ಹಾಕಿದ್ದೆ. ಆ ವರ್ಷದ ಕೊನೆಗೆ ನಮ್ಮ ಪಾಲು ಆದದ್ದು ನಿಜ. ಮನೆ ಮತ್ತು ತೋಟ ಅಣ್ಣನಿಗೆ, ರಸ್ತೆ ಬದಿಯ ಗದ್ದೆ ನನಗೆ. ಲೇಖನವನ್ನು ಬಹಳ ಮಂದಿ ಮೆಚ್ಚಿದರು. ಡೊಂಬಿವಲಿಯಿಂದ, ಕಲ್ಯಾಣದಿಂದ ಫೋನ್ ಬಂತು. ಎಲ್ಲರೂ ಕೇಳಿದ್ದು ಅಣ್ಣನ ಬಗ್ಗೆ. ನನ್ನ ಬಗ್ಗೆ ಒಬ್ಬರೂ ಕೇಳಲಿಲ್ಲ.

ಆ ರಾತ್ರಿ ಎಲ್ಲರೂ ಹೋದ ಮೇಲೆ ಅಣ್ಣ ಕೇಳಿದ, “ಅದೆಂತದೋ ಬರದ್ದು, ಕೊಡು ನೋಡ್ವಾ.” ಕೊಡದೆ ಉಪಾಯವಿರಲಿಲ್ಲ. ಕನ್ನಡಕ ಹಾಕಿಕೊಂಡು, ಲೆಕ್ಕದ ಪುಸ್ತಕ ಓದುವವನ ಹಾಗೆ ಬೆರಳಿಟ್ಟು, ನಾಲ್ಕೂ ಪುಟ ಓದಿದ. ಮಡಚಿ ಟೀಪಾಯಿಯ ಮೇಲಿಟ್ಟ.

“ನೀ ಬರ್ದದ್ದು ಸುಳ್ಳು ಅಂತ ಹೇಳ್ಲಿಕ್ಕೆ ಬರೂದಿಲ್ಲ ತಮ್ಮಾ. ಎಣಿಸಿದ್ದು ಹೌದು. ಆದ್ರೆ ಇದ್ರಲ್ಲಿ ಇದ್ದವ ನಾನಲ್ಲ.”

ನಾನು ಸುಮ್ಮನಿದ್ದೆ.

“ಮತ್ತೆ ಆ ಮುನ್ನೂರು ಕಾಯಿ ಎಲ್ಲಿಂದ ತಂದೆ? ಆ ವರ್ಷ ಮರಕ್ಕೆಲ್ಲ ನುಸಿ ಬಿದ್ದಿತ್ತು. ಅರ್ಧಕ್ಕರ್ಧ ಕಾಯಿ ಮುಷ್ಟಿಗಿಂತ ದೊಡ್ಡದಾಗ್ಲಿಲ್ಲ.”

ಮುನ್ನೂರು ನಾನೇ ಹಾಕಿದ ಸಂಖ್ಯೆ. ಕಿಟಕಿಯಿಂದ ನನಗೆ ಕಂಡದ್ದು ಅಣ್ಣನ ಬೆನ್ನು ಮತ್ತು ಒಂದು ರಾಶಿ. ರಾಶಿ ದೊಡ್ಡದಿತ್ತೋ ಸಣ್ಣದಿತ್ತೋ ನನಗೆ ನೆನಪಿರಲಿಲ್ಲ. ಸಂಖ್ಯೆ ಇದ್ದರೆ ಓದುವವರು ನಂಬುತ್ತಾರೆ ಎಂಬುದು ಲೆಕ್ಕಪತ್ರದಲ್ಲಿ ದುಡಿದ ನನಗೆ ಗೊತ್ತಿತ್ತು. ಕೇರಳದ ಕಡೆಯಿಂದ ಬಂದ ಆ ನುಸಿ ಪೀಡೆ ಆಗ ನಮ್ಮ ರಾಜ್ಯದ ತೆಂಗಿನ ತೋಟಗಳನ್ನು ಹೇಗೆ ಹಾಳು ಮಾಡಿತ್ತೆಂದು ಇಲ್ಲಿ ಕೂತು ಪತ್ರಿಕೆಯಲ್ಲಿ ಓದಿದ್ದೆ. ಅದು ನಮ್ಮ ಹಿತ್ತಲಿಗೂ ಬಂದಿರಬಹುದು ಎಂದು ಮಾತ್ರ ಯೋಚಿಸಿರಲಿಲ್ಲ.

“ಹಾಗಾದ್ರೆ ಯಾಕೆ ಎಣಿಸ್ತಾ ಇದ್ದೆ ಅಣ್ಣಾ?” ಎಂದು ಕೇಳಿದೆ. ಇಪ್ಪತ್ತನಾಲ್ಕು ವರ್ಷಗಳ ನಂತರ ಮೊದಲ ಸಲ ಕೇಳಿದ್ದು.

ಅವನು ಬಹಳ ಹೊತ್ತು ಯೋಚಿಸಿದ. “ಆಗ ಕೇಳಿದ್ರೆ ಹೇಳ್ತಿದ್ದೆ. ಈಗ ನೆಂಪಿಲ್ಲ” ಅಂದು ಮಲಗಲು ಹೋದ.

ನನಗೆ ನಿದ್ದೆ ಬರಲಿಲ್ಲ. ಊಟಕ್ಕೆ ತಂದ ಸಾಮಾನಿನ ಸಾಲಕ್ಕೆ ಕಾಯಿ ಕೊಡಬೇಕಿತ್ತೇ? ಪಂಕ್ತಿಯಲ್ಲಿ ಕೂತವರ ಮುಖ ನೋಡಲಾರದೆ ಕೈಗೊಂದು ಕೆಲಸ ಹುಡುಕಿಕೊಂಡು ಹಿತ್ತಲಿಗೆ ಬಂದಿದ್ದನೇ? ಅಥವಾ ನಾನು ಬರೆದದ್ದೇ ನಿಜವೇ? ಯಾವುದೂ ಇರಬಹುದು. ಒಂದು ವಿಚಿತ್ರ ಮಾತ್ರ ಗಮನಕ್ಕೆ ಬಂತು. ಅಣ್ಣ ಎಂಥವನೆಂದು ನನಗೆ ಖಚಿತವಾಗಿ ಗೊತ್ತಿದ್ದ ಅಷ್ಟು ವರ್ಷ ನಾನು ಅವನ ಬಗ್ಗೆ ಯೋಚಿಸಿದ್ದೇ ಇಲ್ಲ, ಬರೀ ಹೇಳುತ್ತಿದ್ದೆ. ಗೊತ್ತಿಲ್ಲ ಎಂದಾದ ಆ ರಾತ್ರಿ ಪೂರ್ತಿ ಅವನನ್ನೇ ಯೋಚಿಸಿದೆ.

ಹುಡುಗಿಯ ಪ್ರಶ್ನೆಗೆ ನನ್ನ ಮಟ್ಟಿಗೆ ಸಿಕ್ಕ ಉತ್ತರ ಇದು. ಪಾತ್ರವೊಂದು ನಮ್ಮನ್ನು ಎಳೆಯುವುದು ಅದು ನಮ್ಮ ಹಾಗಿದೆ ಎಂದಲ್ಲ, ಅದರ ಬಗ್ಗೆ ನಮಗೆ ಎಲ್ಲ ಗೊತ್ತಿದೆ ಎಂದೂ ಅಲ್ಲ. ಎಷ್ಟು ಗೊತ್ತಾದರೂ ಮುಗಿಯದ ಒಂದು ಪಾಲನ್ನು ಬರೆದವರು ಆ ಪಾತ್ರಕ್ಕೇ ಬಿಟ್ಟಿರುತ್ತಾರೆ. ನಂಜಮ್ಮನ ಕಷ್ಟಗಳೆಲ್ಲ ನಮಗೆ ಗೊತ್ತು. ಬೆಳೆದ ಮಕ್ಕಳನ್ನು ಪ್ಲೇಗಿಗೆ ಕೊಟ್ಟ ಮೇಲೂ ಮತ್ತೆ ಎದ್ದು ನಿಲ್ಲುವ ಆಕೆಯ ಶಕ್ತಿ ಎಲ್ಲಿಂದ ಬಂತೆಂದು ಭೈರಪ್ಪನವರು ವಿವರಿಸಲು ಹೋಗುವುದಿಲ್ಲ. ನೊಗ ಹೊತ್ತ ಅಪ್ಪನ ಮನಸ್ಸಿನಲ್ಲಿ ಆ ಹೊತ್ತು ಏನಿತ್ತೆಂದು ಸಿದ್ಧಲಿಂಗಯ್ಯನವರು ಹೇಳುವುದಿಲ್ಲ. ಮಗನಿಗೆ ಕಂಡದ್ದಷ್ಟನ್ನೇ ಹೇಳುತ್ತಾರೆ. ಆ ಗೌರವಕ್ಕೇ ನಾವು ಸೋಲುವುದು. ನನ್ನ ಲೇಖನದ ಅಣ್ಣನನ್ನೂ ಜನ ಮೆಚ್ಚಿದರಲ್ಲ ಎಂದರೆ, ಅದು ಬೇರೆ ಬಗೆಯ ಮೆಚ್ಚುಗೆ. ಅವನು ಚಪ್ಪಟೆ ಪಾತ್ರ. ಒಂದೇ ವಾಕ್ಯದಲ್ಲಿ ಮುಗಿಯುವವ, ತೆಂಗಿನಕಾಯಿ ಎಣಿಸಿದ ಅಣ್ಣ. ಅಂಥವರನ್ನು ಓದುವುದು ಸುಲಭ, ನಗುವುದೂ ಸುಲಭ, ಪುಸ್ತಕ ಮುಚ್ಚಿದರೆ ಅವರೂ ಮುಚ್ಚಿಕೊಳ್ಳುತ್ತಾರೆ.

ಇಲ್ಲಿ ಕಾದಂಬರಿಗೂ ನೆನಪಿನ ಬರಹಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಚೆನ್ನಿಗರಾಯನನ್ನು ಎಷ್ಟು ಚಪ್ಪಟೆ ಮಾಡಿದರೂ ಅವನು ಠಾಣೆಯಲ್ಲಿ ರೈಲಿಳಿದು ಬಂದು ನಮ್ಮ ಮನೆಯ ಕುರ್ಚಿಯಲ್ಲಿ ಕೂರುವುದಿಲ್ಲ. ಅಣ್ಣ ಕೂರುತ್ತಾನೆ. ಆತ್ಮಕಥೆಯಲ್ಲಿ ಬರುವವರು ಪಾತ್ರವಾಗಲು ಒಪ್ಪಿ ಸಹಿ ಹಾಕಿದವರಲ್ಲ. ಮನೆ ತೋಟಗಳ ಪಾಲಿಗಾದರೆ ನಾಲ್ಕು ಜನ ಪಂಚರು ಕೂತು ಎರಡೂ ಕಡೆ ಕೇಳುತ್ತಾರೆ. ನೆನಪಿನ ಪಾಲಿಗೆ ಬರೆಯುವವನೊಬ್ಬನೇ ಪಂಚ, ಅವನೇ ಪಾಲುದಾರ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂದಾಗ ನಾನು ಒಂದೇ ಗುಟುಕಿಗೆ ಓದಿದ್ದೆ. ಅದರ ನಿರೂಪಕನಿಗೆ ಹೆಸರಿಲ್ಲ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕಥೆ ಹೇಳುತ್ತಾನೆ, ಚಿಕ್ಕಪ್ಪನ ದುಡ್ಡಿನಿಂದ ಕುಟುಂಬ ಹೇಗೆ ಬದಲಾಯಿತೆಂದು. ಅವನ ಮಾತು ಮೆದು, ತಮಾಷೆ, ನಂಬುವ ಹಾಗೆ. ಮನೆಯ ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಮನೆಯವರೆಲ್ಲ ಸೇರಿ ಬೈದು ಅಟ್ಟುವಾಗ ಅವನು ಸುಮ್ಮನೆ ನಿಂತಿರುತ್ತಾನೆ. ಹೇಳುತ್ತ ಹೇಳುತ್ತ, ಅವನು ಹೇಳದೆ ಬಿಟ್ಟದ್ದೇ ನಮ್ಮನ್ನು ಹೆದರಿಸತೊಡಗುತ್ತದೆ. ಅಣ್ಣ ಊರಿಗೆ ಹೋದ ಮೇಲೆ ಆ ಪುಸ್ತಕವನ್ನು ಮತ್ತೆ ಓದಿದೆ. ಓದಿ, ನನ್ನ ಹಳೆಯ ಲೇಖನದಲ್ಲಿ ಹೇಳದೆ ಬಿಟ್ಟದ್ದು ಏನೇನೆಂದು ಒಂದು ಹಾಳೆಯಲ್ಲಿ ಬರೆದೆ.

ಆಯಿ ಹಾಸಿಗೆ ಹಿಡಿದದ್ದು ಹನ್ನೊಂದು ತಿಂಗಳು. ಅಷ್ಟೂ ದಿನ ಅವಳಿಗೆ ಸ್ನಾನ ಮಾಡಿಸಿ, ಮಗ್ಗಲು ಬದಲಿಸಿ, ಗಂಜಿ ಕುಡಿಸಿದ್ದು ಅತ್ತಿಗೆ. ಲೇಖನದಲ್ಲಿ ಅತ್ತಿಗೆಗೆ ಸಿಕ್ಕಿದ್ದು ಅರ್ಧ ವಾಕ್ಯ. ಆ ಹನ್ನೊಂದು ತಿಂಗಳಲ್ಲಿ ನಾನು ಹೋದದ್ದು ಒಂದೇ ಸಲ, ಮೂರು ದಿನಕ್ಕೆ. ರಜೆ ಸಿಗಲಿಲ್ಲ ಎಂದು ಬರೆದಿದ್ದೆ. ರಜೆ ಇತ್ತು. ಆ ವರ್ಷ ಉಳಿಸಿದ ರಜೆಯನ್ನು ದುಡ್ಡು ಮಾಡಿಕೊಂಡು ಮನೆ ಸಾಲದ ಕಂತು ಕಟ್ಟಿದ್ದೆ. ತಪ್ಪೆಂದು ಹೇಳುತ್ತಿಲ್ಲ, ಕಂತು ಕಟ್ಟಲೇಬೇಕಿತ್ತು. ಆದರೆ ಆಯಿಯ ಸಾವಿನ ಹೊತ್ತಿನಲ್ಲಿ ಲೆಕ್ಕ ಮಾಡಿದವರು ಇಬ್ಬರಿದ್ದೆವು. ಬರವಣಿಗೆಯಲ್ಲಿ ಒಬ್ಬನದು ಮಾತ್ರ ಬಂತು.

ಮರಾಠಿಯಲ್ಲಿ 1978ರಲ್ಲಿ ಬಂದ ದಯಾ ಪವಾರರ ‘ಬಲುತಂ’ ಆತ್ಮಕಥೆಯನ್ನು ನಾನು ಇಲ್ಲಿ ಬಂದ ಮೇಲೆ ಮರಾಠಿ ಕಲಿತು ಓದಿದೆ. ಅದರಲ್ಲಿ ಓದಿ ಬರೆದು ದೊಡ್ಡವನಾದ ದಯಾ ಪವಾರನ ಎದುರು ದಗಡೂ ಬಂದು ಕೂತು ತನ್ನ ಕಥೆ ಹೇಳುತ್ತಾನೆ. ಇಬ್ಬರೂ ಒಬ್ಬರೇ. ದಗಡೂ ಅವರ ಹುಟ್ಟಿನ ಹೆಸರು. ಮೊದಲ ಸಲ ಓದಿದಾಗ ಇದು ಬರೀ ಬರವಣಿಗೆಯ ಒಂದು ಉಪಾಯ ಎನಿಸಿತ್ತು. ಈಗ ಅದು ಒಂದು ನ್ಯಾಯ ಎನಿಸುತ್ತದೆ. ಬೇರೆಯವರನ್ನು ಪಾತ್ರ ಮಾಡುವ ಮೊದಲು ಪವಾರರು ತನ್ನನ್ನೇ ಪಾತ್ರ ಮಾಡಿ ಎದುರು ಕೂರಿಸಿದರು. ‘ಊರು ಕೇರಿ’ಯ ನಗು ನಮಗೆ ಹಿಡಿಸುವುದೂ ಅದು ಮೊದಲು ಹೇಳುವವನ ಮೇಲೆಯೇ ಬೀಳುವುದರಿಂದ.

ಇದನ್ನು ಮುಂದಿನ ಸಭೆಯಲ್ಲಿ ಹೇಳಿದಾಗ ಟೀಚರಮ್ಮ ಒಪ್ಪಲಿಲ್ಲ. “ಹಾಗಾದರೆ ಎಲ್ಲರಿಗೂ ಒಂದೊಂದು ಕಾರಣ ಹುಡುಕಿ ಎಲ್ಲರನ್ನೂ ಬಿಟ್ಟುಬಿಡಬೇಕೋ? ಹೊಲದಲ್ಲಿ ನೇಗಿಲು ಹಿಡಿದವನ ಕಷ್ಟವನ್ನೂ ಕೇಳೋಣವೋ?” ಅವರ ಮಾತು ಹಗುರದ್ದಲ್ಲ. ಅನ್ಯಾಯ ಉಂಡವರು ಅನ್ಯಾಯ ಮಾಡಿದವರ ಪಾಲನ್ನೂ ಬರೆಯಲಿ ಎಂದು ಕೇಳುವುದು ಇನ್ನೊಂದು ಬಗೆಯ ಬಿಟ್ಟಿ ಚಾಕರಿ. ಹಾಗೆ ಕೇಳುವ ಹಕ್ಕು ಬದುವಿನ ಮೇಲೆ ಕೊಡೆ ಹಿಡಿದು ನಿಂತವರ ಮೊಮ್ಮಗನಾದ ನನಗಂತೂ ಇಲ್ಲ. ಆದರೆ ನಾನು ಹೇಳುತ್ತಿರುವುದು ಕ್ಷಮಿಸುವ ಮಾತಲ್ಲ. ತೂಕದ ಮಾತು. ಮೇಲಿನವರನ್ನು ಕೆಳಗಿನಿಂದ ನೋಡಿ ಬರೆಯುವವರಿಗೆ ಒಂದು ಕಟ್ಟು, ಸರಿಸಮಾನರ ಬಗ್ಗೆ, ಬರೆಯಲು ಬಾರದವರ ಬಗ್ಗೆ, ದೂರ ಉಳಿದವರ ಬಗ್ಗೆ ಬರೆಯುವವರಿಗೆ ಇನ್ನೊಂದು ಕಟ್ಟು. ಅಣ್ಣ ಓದಿದ್ದು ಏಳನೇ ಇಯತ್ತೆ. ಅಪ್ಪ ತೀರಿಕೊಂಡ ವರ್ಷ ಅವನು ಶಾಲೆ ಬಿಟ್ಟ, ನಾನು ಬಿಡಲಿಲ್ಲ. ನನ್ನ ಕೈಗೆ ಪೆನ್ನು ಬಂದ ಬಗೆಯೇ ಅದು. ಅದನ್ನು ಅವನ ಮೇಲೇ ಪ್ರಯೋಗಿಸುವಾಗ ನಾನು ಒಮ್ಮೆ ಕೈ ತಡೆಯಬೇಕಿತ್ತು.

ಊರು ಬಿಟ್ಟವರಿಗೆ ಈ ರೋಗ ಬೇಗ ಅಂಟುತ್ತದೆ ಎಂದು ನನಗನಿಸುತ್ತದೆ. ಜೊತೆಯಲ್ಲಿದ್ದರೆ ಮನುಷ್ಯರು ದಿನಾ ಬದಲಾಗುತ್ತಾರೆ. ನಿನ್ನೆ ಜಗಳಾಡಿದವ ಇವತ್ತು ಹಲಸಿನ ಹಣ್ಣು ಹಿಡಿದು ಬರುತ್ತಾನೆ. ದೂರದಲ್ಲಿದ್ದರೆ ಅವರು ನಾವು ಬಿಟ್ಟು ಬಂದ ದಿನದ ಹಾಗೇ ನಿಂತುಬಿಡುತ್ತಾರೆ. ಐರೋಲಿಯ ಈ ಎತ್ತರದ ಕಟ್ಟಡಗಳಲ್ಲಿ ಎಲ್ಲರ ಹತ್ತಿರವೂ ಬರೆಯದ ಒಂದು ಕಾದಂಬರಿ ಇದೆ. ಜಿಪುಣ ಮಾವ, ಮೋಸ ಮಾಡಿದ ದಾಯಾದಿ, ಬಾಯಿ ಕೆಟ್ಟ ಚಿಕ್ಕಮ್ಮ. ಕಥೆ ಚೆನ್ನಾಗಿರುತ್ತದೆ, ಹೇಳಿ ಹೇಳಿ ನುಣುಪಾಗಿರುತ್ತದೆ. ಮಕ್ಕಳು ಅದನ್ನೇ ಊರು ಎಂದು ತಿಳಿಯುತ್ತಾರೆ. ನನ್ನ ಮಗ ದೊಡ್ಡಪ್ಪನ ಜೊತೆ ಎಂಟು ದಿನ ಹೆಚ್ಚು ಮಾತಾಡಲಿಲ್ಲ. ಯಾಕೆಂದು ಕೇಳಿದರೆ “ಅವರ ಬಗ್ಗೆ ನನಗೆ ಗೊತ್ತಲ್ಲ” ಅಂದ. ಗೊತ್ತು ಮಾಡಿಸಿದವ ನಾನು.

ಅತ್ತ ಕಡೆಯೂ ಒಂದು ಕಾದಂಬರಿ ಇರುತ್ತದೆ ಎಂಬುದು ನನಗೆ ಇತ್ತೀಚೆಗೆ ತಿಳಿಯಿತು. ಹೋದ ಸಲ ಊರಿಗೆ ಹೋದಾಗ ಅಣ್ಣನ ಮೊಮ್ಮಗಳು, ಏಳು ವರ್ಷದವಳು, ನಾನು ಬಾಗಿಲಿಗೆ ಬಂದ ಕೂಡಲೆ ಒಳಗೆ ಓಡಿ ಕೂಗಿದಳು: “ಮುಂಬೈ ಅಜ್ಜ ಬಂದ್ರು! ಚಿಕ್ಕಿ ತಂದಿರ್ತ್ರು, ನಾಡಿದ್ದು ಹೋಗ್ತ್ರು, ಬಚ್ಚಲ ಮನೆ ಸರಿ ಇಲ್ಲ ಅಂತ್ರು!” ಎಲ್ಲರೂ ಗಾಬರಿಯಾಗಿ ಅವಳ ಬಾಯಿ ಮುಚ್ಚಿಸಿದರು. ಲೋಣಾವಳದ ಚಿಕ್ಕಿ ನನ್ನ ಚೀಲದಲ್ಲೇ ಇತ್ತು. ಮರುದಿನದ ಮರುದಿನಕ್ಕೆ ಟಿಕೆಟ್ ಕೂಡ ಇತ್ತು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಣ್ಣನ ಮಾತು ಆಗ ಪೂರ್ತಿ ಅರ್ಥವಾಯಿತು: ಎಲ್ಲ ನಿಜ, ಆದರೆ ಅದರಲ್ಲಿ ಇದ್ದವ ನಾನಲ್ಲ.

ಈ ಪುಸ್ತಕದ ಸಂಪಾದಕರು ಮೊದಲು ಕೇಳಿದ್ದು ಆ 2009ರ ಲೇಖನವನ್ನೇ. ಓದುಗರಿಗೆ ಇಷ್ಟವಾಗುತ್ತದೆ ಅಂದರು. ಇಷ್ಟವಾಗುತ್ತದೆ ಎಂದು ನನಗೂ ಗೊತ್ತು, ಅದಕ್ಕೇ ಕೊಡಲಿಲ್ಲ. ಅದರ ಬದಲು ಇದನ್ನು ಬರೆದು, ಒಂದು ಭಾನುವಾರ ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ನಡುವೆ ಎರಡು ಸಲ ಲೈನ್ ಕಟ್ಟಾಯಿತು, ಎರಡು ಸಲವೂ ಅವನೇ ತಿರುಗಿ ಮಾಡಿದ. ಹಿಂದಿನಿಂದ ಅತ್ತಿಗೆ “ನನ್ನ ಸುದ್ದಿ ಎಂತಕ್ಕೆ ಬರ್ದದ್ದು, ತೆಗಿ ಅಂತ ಹೇಳಿ” ಎನ್ನುವುದು ಕೇಳಿಸಿತು. ತೆಗೆಯುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ.

ಓದಿ ಮುಗಿದ ಮೇಲೆ ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಅಡ್ಡಿಲ್ಲ” ಅಂದ. ಆಮೇಲೆ, “ಕಾಯಿ ಎಷ್ಟಿತ್ತು ಅಂತ ಮಾತ್ರ ಮತ್ತೆ ಬರೀಬೇಡ. ಅದು ನಂಗೂ ನೆಂಪಿಲ್ಲ.”

ಬರೆದಿಲ್ಲ.